ಗಡಿಯಲ್ಲಿ ಹಕ್ಕಿಜ್ವರಕ್ಕೆ ಕಾವಲು, ಬೀದಿಯಲ್ಲಿ ಹುಚ್ಚುನಾಯಿ

ಕೊಯಮತ್ತೂರು: ಕೇರಳದ ಆಲಪ್ಪುಳದಲ್ಲಿ ಬಾತುಕೋಳಿ ಸತ್ತ ಸುದ್ದಿ ಬಂದರೆ ಸಾಕು, ವಾಳಯಾರ್, ವೇಲಂತಾವಳಂ, ಗೋಪಾಲಪುರಂ, ಆನೆಕಟ್ಟಿ ರಸ್ತೆಗಳಲ್ಲಿ ಪಶುಸಂಗೋಪನಾ ಇಲಾಖೆಯವರ ಕಾವಲು ಶುರುವಾಗುತ್ತದೆ. ಕೋಳಿ, ಬಾತು, ಮೊಟ್ಟೆ ತುಂಬಿದ ಲಾರಿಗಳು ವಾಪಸ್. ಖಾಲಿ ಲಾರಿಯಾದರೂ ಗಾಲಿಗೆ ಔಷಧ ಸಿಂಪಡಿಸಿಯೇ ಬಿಡುವುದು. 2014ರಲ್ಲಿ ಹೀಗಾಯಿತು, 2021ರಲ್ಲಿ ಆಯಿತು, 2024ರಲ್ಲೂ ಆಯಿತು. 2018ರಲ್ಲಿ ಕೋಳಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಪಾ ಸೋಂಕು 17 ಜನರನ್ನು ಬಲಿ ತೆಗೆದುಕೊಂಡಾಗ, 2025ರ ಜುಲೈಯಲ್ಲಿ ಪಕ್ಕದ ಪಾಲಕ್ಕಾಡ್ ಜಿಲ್ಲೆಯಲ್ಲೇ ಅದು ಕಾಣಿಸಿಕೊಂಡಾಗ ಗಡಿಯಲ್ಲಿ ಜನರನ್ನೂ ನಿಲ್ಲಿಸಿ ಜ್ವರ ನೋಡಿದರು.

ಇದರಲ್ಲಿ ತಪ್ಪೇನಿಲ್ಲ. ಪಲ್ಲಡಂ ಎಂದರೆ ದಕ್ಷಿಣ ಭಾರತದ ಬ್ರಾಯ್ಲರ್ ಕೋಳಿಯ ರಾಜಧಾನಿ ಇದ್ದ ಹಾಗೆ. ಪಲ್ಲಡಂ, ಉಡುಮಲೈಪೇಟೆ, ಪೊಳ್ಳಾಚಿ ಸುತ್ತ ಸಾವಿರಾರು ಮನೆಗಳ ಒಲೆ ಉರಿಯುವುದೇ ಕೋಳಿ ಶೆಡ್ಡಿನಿಂದ. ಒಂದು ಶೆಡ್ಡಿಗೆ ಹಕ್ಕಿಜ್ವರ ತಗುಲಿತು ಅಂದ್ರೆ ಸುತ್ತಲಿನ ಶೆಡ್ಡುಗಳ ಕೋಳಿಗಳನ್ನೂ ಕೊಂದು ಹೂಳಬೇಕು. ಹಾಗಾಗಿ ಕಾವಲು ಬೇಕೇ ಬೇಕು.

ಆದರೆ ಇಷ್ಟೆಲ್ಲ ಕಾವಲಿನ ನಡುವೆ, ಯಾವ ಗಡಿಯನ್ನೂ ದಾಟಿ ಬರಬೇಕಿಲ್ಲದ ಕಾಯಿಲೆಯೊಂದು ಬೀದಿಕೊನೆಯಲ್ಲೇ ಇದೆ. ಕನ್ನಡದಲ್ಲಿ ಹುಚ್ಚುನಾಯಿ ರೋಗ, ಇಲ್ಲಿಯ ತಮಿಳಿನಲ್ಲಿ ‘ವೆರಿ ನಾಯ್’ ಕಡಿತ, ಡಾಕ್ಟರ ಭಾಷೆಯಲ್ಲಿ ರೇಬಿಸ್. ಪ್ರಾಣಿಯಿಂದ ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಇದಕ್ಕಿಂತ ಹಳೆಯದೂ ಇದಕ್ಕಿಂತ ಖಚಿತವಾಗಿ ಕೊಲ್ಲುವುದೂ ಇನ್ನೊಂದಿಲ್ಲ ಎನ್ನಬಹುದು. ವಿಪರ್ಯಾಸವೆಂದರೆ, ಇದರಷ್ಟು ಖಚಿತವಾಗಿ ತಡೆಯಬಹುದಾದ ಕಾಯಿಲೆಯೂ ಅಪರೂಪ.

ಲೆಕ್ಕ ನೋಡಿ. ಕೇಂದ್ರ ಸರ್ಕಾರದ ಅಂಕಿಅಂಶದ ಪ್ರಕಾರ 2024ರಲ್ಲಿ ದೇಶದಲ್ಲಿ ವರದಿಯಾದ ನಾಯಿ ಕಡಿತ ಸುಮಾರು 37 ಲಕ್ಷ. ಅದರಲ್ಲಿ ತಮಿಳುನಾಡಿನ ಪಾಲು 4.80 ಲಕ್ಷ, ಕರ್ನಾಟಕದ್ದು 3.61 ಲಕ್ಷ. ಅದೇ ಲೆಕ್ಕದಲ್ಲಿ ಇಡೀ ದೇಶದಲ್ಲಿ ರೇಬಿಸ್‌ನಿಂದ ಸತ್ತಿರಬಹುದಾದವರು 54 ಮಂದಿ! ತಮಾಷೆ ಏನಂದ್ರೆ, ಆ ವರ್ಷ ತಮಿಳುನಾಡು ತಾನೇ ಎಣಿಸಿದ ಸಾವು 43, ಕರ್ನಾಟಕ ಎಣಿಸಿದ್ದು 42. ಎರಡೇ ರಾಜ್ಯ ಕೂಡಿಸಿದರೆ 85. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಜನ ಇದರಿಂದ ಸಾಯುತ್ತಾರೆಂದು ಅಂದಾಜು ಮಾಡಿದೆ. 54 ಎಲ್ಲಿ, 5,700 ಎಲ್ಲಿ! ಮನೆಯಲ್ಲೇ ಸತ್ತವರು, ‘ಜ್ವರ ಬಂದು ಹೋದ’ ಎಂದು ಬರೆಸಿದವರು, ಆಸ್ಪತ್ರೆಯಿಂದ ವಾಪಸ್ ಕರೆತಂದವರು ಸರ್ಕಾರಿ ಲೆಕ್ಕಕ್ಕೆ ಸಿಗುವುದೇ ಇಲ್ಲ. ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದ್ದು ಇದೇ ಕಾರಣಕ್ಕೆ.

ಕುರಿಯಿಂದ ಎದ್ದ ಕೂಗು

ತಿರುಪ್ಪೂರು ಜಿಲ್ಲೆಯಲ್ಲಿ ನಾಯಿಯ ಮಾತು ಬೀದಿಗೆ ಬಂದದ್ದು ಮನುಷ್ಯರಿಗೆ ಕಚ್ಚಿದ್ದರಿಂದ ಅಲ್ಲ, ಕುರಿಗಳಿಂದ. ಕಾಂಗೇಯಂ, ವೆಳ್ಳಕೋವಿಲ್, ಧಾರಾಪುರಂ ಕಡೆ ‘ಕೊರಂಗಾಡು’ ಎಂಬ ಹುಲ್ಲುಗಾವಲುಗಳಿವೆ. ಮಳೆ ಕಮ್ಮಿಯ ಸೀಮೆ. ಕಿಳುವೈ ಮುಳ್ಳಿನ ಜೀವಂತ ಬೇಲಿ, ಒಳಗೆ ಕೊಳುಕಟ್ಟೈ ಹುಲ್ಲು, ನಡುನಡುವೆ ಬಿಳಿಜಾಲಿ ಮರ. ಹೆಸರುವಾಸಿ ಕಾಂಗೇಯಂ ಎತ್ತು ಬೆಳೆದದ್ದು ಇದೇ ಕಾವಲಿನಲ್ಲಿ. ಕುರಿಗಳನ್ನು ಒಳಗೆ ಬಿಟ್ಟು ಪಡಿ ಹಾಕಿದರೆ ಹಗಲು ರಾತ್ರಿ ಅಲ್ಲೇ ಇರುತ್ತವೆ, ಕಾಯುವ ಆಳು ಬೇಕಿಲ್ಲ. ತಲೆಮಾರುಗಳಿಂದ ನಡೆದು ಬಂದ ಪದ್ಧತಿ ಅದು.

ಬೇಲಿ ದನಕ್ಕೆ ಅಡ್ಡ, ಕಳ್ಳನಿಗೂ ಒಂದಿಷ್ಟು ಅಡ್ಡ. ನಾಯಿಗೆ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಗುಂಪುಗುಂಪಾಗಿ ನುಗ್ಗುವ ನಾಯಿಗಳು ರಾತ್ರೋರಾತ್ರಿ ಹತ್ತಾರು ಕುರಿ ಕಡಿದು ಹಾಕುವುದು ಮಾಮೂಲಾಯಿತು. 2024 ಮತ್ತು 2025ರಲ್ಲಿ ರೈತರು ಸತ್ತ ಕುರಿಗಳನ್ನು ತಂದು ರಸ್ತೆಯಲ್ಲಿಟ್ಟು ಧರಣಿ ಕೂತರು. ಕೊನೆಗೆ ನಾಯಿ ಕೊಂದ ಜಾನುವಾರಿಗೂ ಪರಿಹಾರ ಕೊಡುವುದಾಗಿ ತಮಿಳುನಾಡು ಸರ್ಕಾರ ಒಪ್ಪಿತು.

ನಾಯಿಗಳು ಇಷ್ಟೊಂದು ಹೇಗೆ ಹೆಚ್ಚಿದವು ಎಂದರೆ ರೈತರು ಬೆರಳು ತೋರಿಸುವುದು ಕೋಳಿ ಅಂಗಡಿ, ಕೋಳಿ ಶೆಡ್ಡುಗಳ ಕಡೆಗೆ. ಹಳ್ಳ, ಬಾವಿ, ರಸ್ತೆಬದಿಯಲ್ಲಿ ಸುರಿದ ಕರುಳು ಪುಕ್ಕ, ಸತ್ತ ಕೋಳಿ ತಿಂದು ಬೆಳೆದ ನಾಯಿ, ಅದು ಸಿಗದ ದಿನ ಕುರಿಗೆ ಬೀಳುತ್ತದೆ. ಗಡಿಯಲ್ಲಿ ಕೋಳಿಗೆ ಅಷ್ಟು ಕಾವಲಿಟ್ಟವರು ಕೋಳಿ ಕಸಕ್ಕೆ ಕಾವಲಿಡದೆ ಇರುವುದು ಯೋಚಿಸಬೇಕಾದ ಮಾತೇ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಗುಂಪು ಕಟ್ಟಿ ಕುರಿ ಬೇಟೆಯಾಡುವ ನಾಯಿಗೆಲ್ಲ ಹುಚ್ಚು ಹಿಡಿದಿರುವುದಿಲ್ಲ, ಹೆಚ್ಚಿನವಕ್ಕೆ ಹಸಿವು ಅಷ್ಟೆ. ರೇಬಿಸ್ ತಗುಲಿದ ನಾಯಿ ಸಾಮಾನ್ಯವಾಗಿ ಒಂಟಿ. ಎದುರಿಗೆ ಸಿಕ್ಕಿದ್ದನ್ನು, ಕಲ್ಲು, ಕಂಬ, ಮಗು, ಹಸು, ಏನನ್ನಾದರೂ ಕಚ್ಚುತ್ತಾ ಹೋಗುತ್ತದೆ. ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಬದಲಾಗುತ್ತದೆ. ಇನ್ನೊಂದು ಬಗೆಯದು ಮೂಲೆ ಹಿಡಿದು, ದವಡೆ ಜೋತು, ಸುಮ್ಮನೆ ಬಿದ್ದಿರುತ್ತದೆ. ‘ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿರಬೇಕು’ ಅಂತ ಬಾಯಿಗೆ ಕೈ ಹಾಕುವವರಿಗೆ ಅಪಾಯ ಇರುವುದು ಈ ಎರಡನೆಯದರಿಂದ. ಆದರೆ ಕಚ್ಚಿಸಿಕೊಂಡವರು ನಾಯಿಯ ಲಕ್ಷಣ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಲಕ್ಷಣ ಕಾಣುವ ಕೆಲವು ದಿನ ಮೊದಲೇ ನಾಯಿಯ ಜೊಲ್ಲಿನಲ್ಲಿ ವೈರಸ್ ಇರುತ್ತದೆ.

ಕೂನೂರಿನ ಗುಡ್ಡ, ಹೊಟ್ಟೆಯ ಸೂಜಿ

ಮೇಟ್ಟುಪಾಳ್ಯದಿಂದ ಗುಡ್ಡ ಹತ್ತುವ ರೈಲಿನಲ್ಲಿ ಕೂನೂರಿಗೆ ಹೋದವರು ಅಲ್ಲಿಯ ಪಾಶ್ಚರ್ ಸಂಸ್ಥೆಯನ್ನು ನೋಡಿರುತ್ತಾರೆ. ಅದು ಅಲ್ಲಿ ಬಂದದ್ದರ ಹಿಂದೆ ಒಂದು ಸಾವಿದೆ. 1902ರಲ್ಲಿ ಲಿಲಿ ಪೇಕೆನ್ಹಾಮ್ ವಾಲ್ಶ್ ಎಂಬ ಇಂಗ್ಲಿಷ್ ಯುವತಿಗೆ ಹುಚ್ಚುನಾಯಿ ಕಚ್ಚಿತು. ಆಗ ದೇಶದಲ್ಲಿ ಚಿಕಿತ್ಸೆ ಇದ್ದದ್ದು ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಮಾತ್ರ. ದಕ್ಷಿಣದಿಂದ ಅಷ್ಟು ದೂರ ಹೋಗುವುದು ಹೇಗೆ? ಆಕೆ ಉಳಿಯಲಿಲ್ಲ. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿ ವೈಸರಾಯ್ ಕರ್ಜನ್ ಕೈಗೆ ಕೊಟ್ಟ ಒಂದು ಲಕ್ಷ ರೂಪಾಯಿಯ ನೆರವಿನಿಂದ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ಕೂನೂರಿನಲ್ಲಿ ಆರಂಭವಾಯಿತು. ದಿನಾಂಕ 6-4-1907. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಹಾಕಿಸಿದ 22 ವರ್ಷಗಳ ನಂತರ ಆ ವಿದ್ಯೆ ನೀಲಗಿರಿ ಹತ್ತಿತು.

ಹಳಬರಿಗೆ ನಾಯಿ ಕಡಿತ ಅಂದರೆ ನೆನಪಾಗುವುದು ‘ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ’. ಸುಳ್ಳಲ್ಲ. ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ಆ ಲಸಿಕೆ ತಯಾರಾಗುತ್ತಿದ್ದುದು ಕುರಿಯ ಮೆದುಳಿನಿಂದ. ದಿನಕ್ಕೊಂದರಂತೆ ಹೊಟ್ಟೆಗೆ ಚುಚ್ಚುತ್ತಿದ್ದರು. ಊತ, ನೋವು ಸಾಮಾನ್ಯ. ಅಪರೂಪಕ್ಕೆ ಕೆಲವರಿಗೆ ಲಕ್ವ ಹೊಡೆದದ್ದೂ ಉಂಟು, ಕುರಿಯ ನರದ ಅಂಶ ಮನುಷ್ಯನ ನರಕ್ಕೆ ಒಗ್ಗದೆ. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಿಂದಲೇ ಬೇಡವೆಂದರೂ ಭಾರತದಲ್ಲಿ ಅದು ಪೂರ್ತಿ ನಿಂತದ್ದು 2004-05ರ ಹೊತ್ತಿಗೆ. ಈಗಿನದು ಜೀವಕೋಶದಲ್ಲಿ ಬೆಳೆಸಿದ ಲಸಿಕೆ. ಕೂನೂರಿನಲ್ಲೂ ಅದೇ ತಯಾರಿಕೆ ಬಂದಿತು.

ಆದರೆ ಹೆದರಿಕೆ ಮಾತ್ರ ಹೋಗಿಲ್ಲ. ‘ಹದಿನಾಲ್ಕು ಸೂಜಿ ಹಾಕಿಸ್ತಾರೆ’ ಅಂತ ನಾಯಿ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳು ಈಗಲೂ ಇದ್ದಾರೆ. ಹಿತ್ತಲಲ್ಲಿ ಮರಿ ಜೊತೆ ಆಡುವಾಗ ಹಲ್ಲು ತಾಗಿದ್ದನ್ನು ‘ಮುಳ್ಳು ಗೀರಿತು’ ಅನ್ನುವ ಮಗು, ಕೇಳಿ ಸುಮ್ಮನಾಗುವ ಅಜ್ಜಿ, ಇದು ಯಾವ ಮನೆಯಲ್ಲೂ ಆಗಬಹುದಾದ್ದು. ಮರಿ ನಾಯಿಗೆ ರೇಬಿಸ್ ಬರುವುದಿಲ್ಲ ಎಂಬ ನಂಬಿಕೆ ಗಡಿಯ ಈಚೆಗೂ ಇದೆ, ಆಚೆಗೂ ಇದೆ. ಎರಡೂ ಕಡೆ ಅದು ತಪ್ಪೇ.

ಕಾಲಿಗೆ ಕಚ್ಚಿದರೆ ಟೈಮ್ ಇದೆ, ಮುಖಕ್ಕೆ ಇಲ್ಲ

ಬೇರೆ ಸೋಂಕಿನ ಹಾಗೆ ಈ ವೈರಸ್ ರಕ್ತದಲ್ಲಿ ಓಡುವುದಿಲ್ಲ. ಕಚ್ಚಿದ ಜಾಗದ ಮಾಂಸದಲ್ಲಿ ಕೂತು, ಅಲ್ಲಿಂದ ನರದ ತುದಿ ಹಿಡಿದು, ನಿಧಾನವಾಗಿ ಬೆನ್ನುಹುರಿ, ಮೆದುಳಿನ ಕಡೆ ಹತ್ತುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಒಮ್ಮೊಮ್ಮೆ ವಾರದಲ್ಲೇ, ಅಪರೂಪಕ್ಕೆ ವರ್ಷ ಕಳೆದ ಮೇಲೆ. ಕಾಲಿಗೆ ಕಚ್ಚಿದರೆ ದಾರಿ ಉದ್ದ. ಮುಖ, ಕತ್ತು, ಬೆರಳಿಗೆ ಕಚ್ಚಿದರೆ ತೀರಾ ಹತ್ತಿರ ಅಥವಾ ನರ ದಟ್ಟ. ಚಿಕ್ಕ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ ಎಂಬುದನ್ನು ಮರೆಯಬಾರದು.

ಮೆದುಳು ಮುಟ್ಟಿದ ಮೇಲೆ ನೀರು ಕಂಡರೆ ಗಂಟಲು ಸೆಳೆತ, ಗಾಳಿ ಬೀಸಿದರೆ ಬೆಚ್ಚುವುದು, ಚಡಪಡಿಕೆ. ಅಲ್ಲಿಂದ ಮುಂದೆ ವೈದ್ಯರ ಕೈಯಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ಹೀಗಾಗಿ ಇಡೀ ಆಟ ನಡೆಯುವುದು ಲಕ್ಷಣ ಕಾಣುವ ಮೊದಲಿನ ದಿನಗಳಲ್ಲೇ.

ಆ ಆಟದ ಮೊದಲ ಪಟ್ಟು ಬಚ್ಚಲಲ್ಲಿದೆ: ಸೋಪು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪಿಗೆ ಕರಗಿ ಸಾಯುತ್ತದೆ. ಗಾಯವನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆದರೆ ಗೊತ್ತಾಗುತ್ತೆ, 15 ನಿಮಿಷ ಎಷ್ಟು ದೀರ್ಘ ಅಂತ. ಹೆಚ್ಚಿನವರು ಎರಡು ನಿಮಿಷಕ್ಕೇ ಬಿಟ್ಟು ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಹುಡುಕುತ್ತಾರೆ. ಇವು ಯಾವುವೂ ಬೇಡ. ನಾಟಿ ಔಷಧ, ಮಂತ್ರ, ತಾಯಿತ ನಂಬುವವರು ನಂಬಿಕೊಳ್ಳಲಿ, ಆದರೆ ಸೂಜಿ ಹಾಕಿಸಿಕೊಂಡ ಮೇಲೆ.

ಎರಡನೆಯದು ಲಸಿಕೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ತೋಳಿನ ಚರ್ಮದ ಪದರದೊಳಗೆ 0.1 ಮಿಲಿಲೀಟರ್‌ನಂತೆ ಎರಡು ಕಡೆ ಹಾಕುತ್ತಾರೆ. ಕಚ್ಚಿದ ದಿನ, 3ನೇ ದಿನ, 7ನೇ ದಿನ, 28ನೇ ದಿನ. ಒಟ್ಟು ನಾಲ್ಕು ಭೇಟಿ. ಮಾಂಸಖಂಡಕ್ಕೆ ಹಾಕುವ ಕಡೆ 14ನೇ ದಿನವೂ ಸೇರಿ ಐದು. ಹೊಟ್ಟೆಗೂ ಹೊಕ್ಕಳಿಗೂ ಸಂಬಂಧವೇ ಇಲ್ಲ.

ಮೂರನೆಯದನ್ನೇ ಜನ ಹೆಚ್ಚಾಗಿ ತಪ್ಪಿಸಿಕೊಳ್ಳುವುದು. ಲಸಿಕೆ ಹಾಕಿದರೂ ದೇಹ ತನ್ನದೇ ರಕ್ಷಣೆ ಕಟ್ಟಿಕೊಳ್ಳಲು ಒಂದೆರಡು ವಾರ ಬೇಕು. ರಕ್ತ ಬಂದ ಕಡಿತವಾದರೆ ಅಷ್ಟು ದಿನ ಕಾಯಲಾಗದು. ಅದಕ್ಕೇ ತಯಾರಿ ಪ್ರತಿಕಾಯ, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧವನ್ನು ನೇರ ಗಾಯದೊಳಗೇ, ಸುತ್ತಲೂ ತುಂಬುತ್ತಾರೆ. ಕುದುರೆಯ ರಕ್ತದಿಂದ ತೆಗೆದದ್ದು ಅಗ್ಗ, ಮನುಷ್ಯರದ್ದು ದುಬಾರಿ. ಮೊದಲ ಲಸಿಕೆಯ ದಿನವೇ ಹಾಕಿಸಿಕೊಳ್ಳುವುದು ಒಳ್ಳೆಯದು. ಆ ದಿನ ಆಗದಿದ್ದರೆ 7 ದಿನದೊಳಗೆ. ‘ಸೂಜಿ ಹಾಕಿಸಿದ್ರೂ ಹುಡುಗ ಉಳೀಲಿಲ್ಲ’ ಎಂದು ಕೇಳಿಬರುವ ಕಡೆಗಳಲ್ಲಿ ಈ ಔಷಧ ತಪ್ಪಿಹೋಗಿರುವುದು, ಇಲ್ಲವೇ ಗಾಯದೊಳಕ್ಕೆ ಹಾಕದಿರುವುದು ಒಂದು ಮುಖ್ಯ ಕಾರಣ. ‘ಗಾಯಕ್ಕೆ ಬೇರೆ ಊಸಿ ಹಾಕ್ಬೇಕಾ, ಡಾಕ್ಟರ್?’ ಎಂದು ನೀವೇ ಬಾಯಿಬಿಟ್ಟು ಕೇಳುವುದರಲ್ಲಿ ನಾಚಿಕೆ ಇಲ್ಲ. ಅದಿಲ್ಲದೆ ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳಬಾರದು.

ಚರ್ಮ ಎಲ್ಲೂ ಒಡೆಯದೆ ನಾಯಿ ನೆಕ್ಕಿದರೆ, ಮುಟ್ಟಿದರೆ ಲಸಿಕೆ ಬೇಡ. ರಕ್ತ ಬಾರದ ಗೀರಾದರೂ ಲಸಿಕೆ ಬೇಕು. ಬೆಕ್ಕು, ಮಂಗಕ್ಕೂ ಇದೇ ನಿಯಮ. ಮನೆಯ ಇಲಿ ಕಚ್ಚಿದರೆ ಸಾಮಾನ್ಯವಾಗಿ ಬೇಕಿಲ್ಲ. ಸಾಕಿದ ನಾಯಿಯಾದರೆ 10 ದಿನ ಅದನ್ನು ಗಮನಿಸಬೇಕೆಂಬ ಮಾತು ನಿಜವೇ. ಆದರೆ ಮೊದಲ ಸೂಜಿ ಹಾಕಿಸಿಕೊಂಡು ಗಮನಿಸುವುದು, ಗಮನಿಸಿ ಆಮೇಲೆ ಸೂಜಿ ಅಲ್ಲ.

ಹಸುವಿನ ಬಾಯಿ, ಹಾಲಿನ ಭಯ

ಹೈನು ಇಟ್ಟುಕೊಂಡ ಮನೆಗಳಿಗೆ ಒಂದು ಮಾತು. ಹುಚ್ಚುನಾಯಿ ಕಚ್ಚಿದ ಹಸು ವಾರಗಳ ನಂತರ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ವಿಚಿತ್ರವಾಗಿ ಕೂಗುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಒಡೆಯ ಮೊಣಕೈ ತನಕ ಬಾಯಿಗೆ ತೂರಿಸುತ್ತಾನೆ. ಕೈಯಲ್ಲಿ ಸಣ್ಣ ಗೀರಿದ್ದರೂ ಸಾಕು. ನಿಜವಾದ ಅಪಾಯ ಅಲ್ಲಿದೆ. ಆದರೆ ಊರು ಹೆದರಿ ಓಡುವುದು ಹಾಲಿಗೆ. ಅಂಥ ಹಸು ಸತ್ತಿತೆಂದು ಗೊತ್ತಾದರೆ ಅದರ ಹಾಲಿನ ಕಾಫಿ ಕುಡಿದವರೆಲ್ಲ ಆಸ್ಪತ್ರೆ ಮುಂದೆ ಸಾಲು ನಿಲ್ಲುತ್ತಾರೆ. ಕಾಯಿಸಿದ ಹಾಲಿನಿಂದ ರೇಬಿಸ್ ಬರುವುದಿಲ್ಲ, ಅದಕ್ಕೆ ಲಸಿಕೆ ಬೇಕಿಲ್ಲ. ಹಸಿ ಹಾಲು ಕುಡಿಯಬಾರದು. ಬಾಯಿಗೆ ಕೈ ಹಾಕಿದವನು ಮಾತ್ರ ‘ನಂಗೇನು ಕಚ್ಚಿಲ್ವಲ್ಲ’ ಎಂದು ಮನೆಯಲ್ಲೇ ಉಳಿದುಬಿಡುತ್ತಾನೆ.

ಅಲ್ಲಿ ಕಚ್ಚಿತು, ಇಲ್ಲಿ ಸೂಜಿ

ಇಲ್ಲಿಯ ಕನ್ನಡದ ಮನೆಗಳಿಗೆ, ಮಗ್ಗದ ದೇವಾಂಗರಿರಲಿ, ಬೇಸಾಯದ ಒಕ್ಕಲಿಗರಿರಲಿ, ಹೋಟೆಲ್ ಬೇಕರಿಯವರಿರಲಿ, ಇನ್ನೊಂದು ತೊಡಕಿದೆ. ಮಕ್ಕಳ ರಜೆ ಚಾಮರಾಜನಗರ, ಕೊಳ್ಳೇಗಾಲ, ಮೈಸೂರು ಕಡೆಯ ಅಜ್ಜಿ ಮನೆಯಲ್ಲಿ. ಬಣ್ಣಾರಿ, ದಿಂಬಂ ಘಾಟಿ ದಾಟಿ ಹೋಗಿಬರುವ ಓಡಾಟ. ಅಲ್ಲಿ ನಾಯಿ ಕಚ್ಚಿದರೆ ‘ಊರಿಗೆ ಹೋಗಿ ನೋಡ್ಕೊಳ್ಳೋಣ’, ಇಲ್ಲಿ ಕಚ್ಚಿದರೆ ‘ಜಾತ್ರೆ ಮುಗಿಸ್ಕೊಂಡು ಬಂದು ಹಾಕ್ಸೋಣ’. ಹೀಗೆ ಮೂರು ನಾಲ್ಕು ದಿನ ಹೋಗುತ್ತದೆ.

ಕಾಯಬೇಕಾದ್ದೇ ಇಲ್ಲ. ವೇಳಾಪಟ್ಟಿ ಎರಡೂ ರಾಜ್ಯದಲ್ಲಿ ಒಂದೇ. ಮೊದಲ ಸೂಜಿಯನ್ನು ಕಚ್ಚಿದ ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಿ, ಮಿಕ್ಕದ್ದನ್ನು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಯಾವುದೇ ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮುಂದುವರಿಸಬಹುದು. ಸರ್ಕಾರಿ ಕಡೆ ಉಚಿತ. ಕಂಪನಿ ಬೇರೆಯಾದರೂ ಅಡ್ಡಿಯಿಲ್ಲ. ಚೀಟಿ ಮಾತ್ರ ಜೋಪಾನ: ತಾರೀಖು, ಲಸಿಕೆಯ ಹೆಸರು, ಚರ್ಮಕ್ಕೋ ಮಾಂಸಕ್ಕೋ, ಗಾಯದ ಔಷಧ ಹಾಕಿದ್ದಾರೋ ಇಲ್ಲವೋ ಎಂಬುದು ಅದರಲ್ಲಿರಬೇಕು. ಚೀಟಿ ಕನ್ನಡದಲ್ಲಿದ್ದರೆ ಇಲ್ಲಿಯ ನರ್ಸಮ್ಮನಿಗೆ ಓದಲು ಬಾರದು, ಇಂಗ್ಲಿಷಿನಲ್ಲಿ ಬರೆಸಿಕೊಳ್ಳುವುದು ಮೇಲು. ಕೌಂಟರಿನಲ್ಲಿ ‘ನಾಯ್ ಕಡಿ ಊಸಿ’ ಎಂದರೆ ಸಾಕು, ದಾರಿ ತೋರಿಸುತ್ತಾರೆ.

ಕಾಡಿನ ದಾರಿಯ ಮಂಗಗಳ ವಿಷಯದಲ್ಲಿ ಎಚ್ಚರ ಇನ್ನೊಂದು ಕಾರಣಕ್ಕೂ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2012ರ ಕೊನೆಗೆ ಬಂಡೀಪುರದಲ್ಲಿ ಕಾಣಿಸಿತು, ನೀಲಗಿರಿಯ ಮಂಗಗಳಲ್ಲೂ ಸಿಕ್ಕಿತು. ಅದು ಹರಡುವುದು ಉಣುಗಿನಿಂದ, ಕಡಿತದಿಂದಲ್ಲ. ಸತ್ತ ಮಂಗದ ಹತ್ತಿರ ಸುಳಿಯದೆ ಅರಣ್ಯ ಇಲಾಖೆಗೆ ತಿಳಿಸಿದರಾಯಿತು.

ನಾಯಿಗೂ ಲಸಿಕೆ

ಮನುಷ್ಯರಿಗೆ ಸೂಜಿ ಹಾಕುತ್ತಾ ಹೋದರೆ ಸಾವು ತಪ್ಪೀತು, ರೋಗ ಹೋಗುವುದಿಲ್ಲ. ಒಂದು ಪ್ರದೇಶದ ನೂರು ನಾಯಿಗಳಲ್ಲಿ 70ಕ್ಕೆ ಪ್ರತಿವರ್ಷ ಲಸಿಕೆ ಹಾಕಿದರೆ ನಾಯಿಯಿಂದ ನಾಯಿಗೆ ದಾಟುವ ಸರಪಳಿ ತುಂಡಾಗುತ್ತದೆ ಎಂಬುದು ಹಲವು ದೇಶಗಳಲ್ಲಿ ಸಾಬೀತಾಗಿದೆ. ಕರ್ನಾಟಕದ ನೆರೆಯ ಗೋವಾ ಬಲೆ ಹಿಡಿದು ಮನೆಮನೆ, ಬೀದಿಬೀದಿ ನಾಯಿಗೆ ಲಸಿಕೆ ಹಾಕಿಸಿತು, ಶಾಲೆಗಳಲ್ಲಿ ಪಾಠ ಹೇಳಿಸಿತು. 2021ರಲ್ಲಿ ಅದನ್ನು ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಸಾವನ್ನು ನಿಲ್ಲಿಸುವ ಕ್ರಿಯಾಯೋಜನೆ ಹೊರಡಿಸಿತು. 2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದ ಮೇಲೆ ಬೀದಿನಾಯಿಯ ವಾದ ದೇಶದ ತುಂಬ ಜೋರಾಯಿತು: ಹಿಡಿದು ಕೂಡಿಹಾಕಬೇಕೋ, ಸಂತಾನಹರಣ ಮಾಡಿ ಬಿಡಬೇಕೋ ಎಂದು. ಕೊರಂಗಾಡಿನ ರೈತನಿಗೂ ನಾಯಿಪ್ರಿಯರಿಗೂ ಇದರಲ್ಲಿ ಒಮ್ಮತ ಸದ್ಯಕ್ಕೆ ಆಗಲಾರದು. ಆದರೆ ನಾಯಿ ಎಲ್ಲೇ ಇರಲಿ, ಅದಕ್ಕೆ ಲಸಿಕೆ ಹಾಕುವುದಕ್ಕೆ ಯಾರ ತಕರಾರೂ ಇಲ್ಲ. ಮನೆಯ ನಾಯಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಆಮೇಲೆ ವರ್ಷಕ್ಕೊಮ್ಮೆ; ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

28ನೇ ದಿನದ ಸೂಜಿಯ ಬಗ್ಗೆ ಒಂದು ಮಾತು ಉಳಿದಿದೆ. ಗಾಯ ಮಾಗಿರುತ್ತದೆ, ಮಗು ಶಾಲೆಗೆ ಹೋಗುತ್ತಿರುತ್ತದೆ, ಅಪ್ಪನಿಗೆ ಬನಿಯನ್ ಕಂಪನಿಯಲ್ಲಿ ರಜೆ ಸಿಗುವುದಿಲ್ಲ. ಭಾನುವಾರ ಬಿದ್ದರೆ ಸೋಮವಾರ ಹಾಕಿಸಿದರೂ ನಡೆಯುತ್ತದೆ. ತಡವಾಯಿತೆಂದು ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಮುಂದೆ ಎಂದಾದರೂ ಮತ್ತೆ ನಾಯಿ ಕಚ್ಚಿದರೆ, ಪೂರ್ತಿ ಹಾಕಿಸಿಕೊಂಡವರಿಗೆ ಎರಡೇ ಭೇಟಿ, ಮೊದಲ ದಿನ ಮತ್ತು 3ನೇ ದಿನ. ಗಾಯದ ಔಷಧವೂ ಬೇಕಿಲ್ಲ. ಹಳೇ ಚೀಟಿ ಇದ್ದರೆ.